ಅರಿವಳಿಕೆಗೆ ಮುನ್ನ ಒಂದಿಷ್ಟು ಅರಿವು

ಗೃಹಸಾಲದ ಕಾಗದಪತ್ರಕ್ಕೆ ಸಹಿ ಹಾಕಲು ಬರುವವರನ್ನು ಮೂವತ್ತು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಬಡ್ಡಿ ಕಾಲು ಪರ್ಸೆಂಟ್ ಆಚೀಚೆಯಾದರೆ ಮೂರು ಸಲ ಫೋನು. ಪ್ರೊಸೆಸಿಂಗ್ ಫೀ ಯಾಕೆ, ಇನ್ಶೂರೆನ್ಸ್ ತಗೊಳ್ಳಲೇಬೇಕಾ, ಕಂತು ತಪ್ಪಿದರೆ ಏನಾಗುತ್ತೆ... ಎಲ್ಲ ವಿಚಾರಿಸಿದ ಮೇಲೇ ಜೇಬಿನಿಂದ ಪೆನ್ನು ಹೊರಬರೋದು. ತಪ್ಪಲ್ಲ, ಕೇಳಲೇಬೇಕು. ಆದರೆ ಇದೇ ಜನ ಆಪರೇಷನ್ನಿನ ಹಿಂದಿನ ಸಂಜೆ ನರ್ಸ್ ತಂದುಕೊಡುವ ನಾಲ್ಕು ಹಾಳೆಗೆ ‘ಎಲ್ಲಿ ಸಿಸ್ಟರ್, ಇಲ್ಲೇನಾ?’ ಅಂತಷ್ಟೇ ಕೇಳಿ ಟಕಟಕನೆ ಸಹಿ ಹಾಕಿಬಿಡುತ್ತಾರೆ!

ಆ ಹಾಳೆಗಳಲ್ಲಿ ಒಂದು ಅರಿವಳಿಕೆಯದ್ದು, ಅಂದರೆ ನಾವೆಲ್ಲ ಅನಸ್ತೇಶಿಯಾ ಅನ್ನುತ್ತೇವಲ್ಲ, ಅದರದ್ದು. ಆಪರೇಷನ್ ಆದವರನ್ನು ಯಾರನ್ನಾದರೂ ಕೇಳಿ ನೋಡಿ. ಸರ್ಜನ್ ಹೆಸರು, ಅವರ ಡಿಗ್ರಿ, ಅವರು ಯಾವ ಊರಿನವರು ಎಲ್ಲ ಗೊತ್ತಿರುತ್ತದೆ. ಅರಿವಳಿಕೆ ಕೊಟ್ಟವರು ಯಾರು? ‘ಯಾರೋ ಒಬ್ರು ಬಂದಿದ್ರಪ್ಪ, ಟೋಪಿ ಮಾಸ್ಕು ಹಾಕ್ಕೊಂಡು.’ ಅಷ್ಟೇ. ಎರಡು ಗಂಟೆ ಕಾಲ ನಮ್ಮ ಉಸಿರನ್ನೇ ಕೈಯಲ್ಲಿ ಹಿಡಿದುಕೊಂಡು ಕೂತಿದ್ದವರ ಹೆಸರು ನಮಗೆ ಬಿಲ್ ಬಂದಾಗಲೂ ಗೊತ್ತಾಗಿರುವುದಿಲ್ಲ.

ನನ್ನ ವಾದ ಸರಳ. ಮೊದಲೇ ಗೊತ್ತುಮಾಡಿಕೊಂಡ ಆಪರೇಷನ್ ಆದರೆ, ಸಹಿ ಹಾಕುವ ಮುಂಚೆ ಅರಿವಳಿಕೆ ವೈದ್ಯರ ಜೊತೆ ಹತ್ತು ನಿಮಿಷ ಕೇಳಿ ಪಡೆಯಿರಿ. ಆ ಹತ್ತು ನಿಮಿಷ ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ನಡೆಯಲಿ. ನಮ್ಮ ಹಾಗೆ ಊರು ಬಿಟ್ಟು ಮುಂಬೈ, ಪುಣೆ, ಹೈದರಾಬಾದ್ ಅಂತ ನೆಲೆಸಿ, ವಯಸ್ಸಾದ ಅಪ್ಪ ಅಮ್ಮನನ್ನು ಆಪರೇಷನ್ನಿಗೆ ಅಂತ ಇಲ್ಲಿಗೆ ಕರೆಸಿಕೊಳ್ಳುವವರಿಗೆ ಈ ಎರಡನೆಯ ಮಾತು ಇನ್ನೂ ಮುಖ್ಯ.

ನಾನು ಡಾಕ್ಟರಲ್ಲ, ಬಿಕಾಂ ಓದಿದವನು. ಆದರೆ ಡೊಂಬಿವಲಿಯಲ್ಲಿ ಇಷ್ಟು ವರ್ಷ ಇದ್ದ ಮೇಲೆ ಊರಿನವರ ಆಸ್ಪತ್ರೆ ಓಡಾಟವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ನಮ್ಮ ಪಾಲಿಗೆ ಬಂದೇ ಬರುತ್ತದೆ. ಓಡಾಡುತ್ತಾ, ವೈದ್ಯ ಮಿತ್ರರನ್ನು ಪೀಡಿಸುತ್ತಾ ತಿಳಿದುಕೊಂಡದ್ದನ್ನು ಸರಳವಾಗಿ ಹೇಳುತ್ತೇನೆ.

ಅರಿವಳಿಕೆಗೆ ವಯಸ್ಸು ಬಹಳ ಇಲ್ಲ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯ ಒಬ್ಬ ರೋಗಿಗೆ ಈಥರ್ ಮೂಸಿಸಿದ. ಸರ್ಜನ್ ಅವನ ಕುತ್ತಿಗೆಯ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿಯವರೆಗೆ ಆಪರೇಷನ್ ಅಂದರೆ ನಾಲ್ಕು ಜನ ಕೈಕಾಲು ಹಿಡಿದುಕೊಳ್ಳುವುದು, ಸರ್ಜನ್ ಆದಷ್ಟು ಬೇಗ ಕೊಯ್ದು ಮುಗಿಸುವುದು. ಮಾರನೇ ವರ್ಷವೇ ಎಡಿನ್‌ಬರೋದಲ್ಲಿ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದರು.

ಕ್ಲೋರೋಫಾರ್ಮಿನ ಕಥೆಯಲ್ಲಿ ನಮ್ಮ ಸೀಮೆಗೂ ಒಂದು ನಂಟಿದೆ. ಅದು ಕೆಲವರ ಜೀವ ತೆಗೆಯುವುದು ಯಾಕೆ, ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ಜಗಳ ಬಿಡಿಸಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕೂತವು. ದುಡ್ಡು ಕೊಟ್ಟದ್ದು ನಿಜಾಮ ಸರ್ಕಾರ. ಆಗ ಕಲಬುರ್ಗಿ, ರಾಯಚೂರು, ಬೀದರ್ ಎಲ್ಲ ಅದೇ ಸೀಮೆಗೆ ಸೇರಿದ್ದವು ನೋಡಿ! ಮುಂದಾಳು ಎಡ್ವರ್ಡ್ ಲಾರಿ ಎಂಬ ವೈದ್ಯರು. ಅದೇ ಹೈದರಾಬಾದಿನಲ್ಲಿ ಕ್ಲೋರೋಫಾರ್ಮ್ ಕೊಡುತ್ತಿದ್ದ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರು. ‘ಉಸಿರನ್ನು ನೋಡಿಕೊಂಡರೆ ಸಾಕು, ಹೃದಯಕ್ಕೆ ಅಪಾಯವಿಲ್ಲ’ ಎಂದಿತು ಆಯೋಗ. ಕ್ಲೋರೋಫಾರ್ಮ್ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು ಎಂದು 1911ರಲ್ಲಿ ಲೆವಿ ಎಂಬವರು ತೋರಿಸಿಕೊಟ್ಟರು. ಇವತ್ತು ಥಿಯೇಟರಿನಲ್ಲಿ ಹೃದಯ, ಬಿಪಿ, ರಕ್ತದ ಆಮ್ಲಜನಕ, ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಎಲ್ಲದಕ್ಕೂ ಯಂತ್ರಗಳಿವೆ. ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು 2020ರ ಕೊರೊನಾ ಆದ ಮೇಲೆ ಎಲ್ಲರಿಗೂ ಗೊತ್ತು. ಆ ಯಂತ್ರಗಳ ಮುಂದೆ ಕೂತವರೇ ನಾವು ಹೆಸರು ಕೇಳದ ಆ ಡಾಕ್ಟರು.

ಈಗ ವಿಧಗಳಿಗೆ ಬರೋಣ. ಮುಖ್ಯವಾಗಿ ನಾಲ್ಕು.

ಮೊದಲನೆಯದು ಲೋಕಲ್. ಕೆಲಸ ಮಾಡುವ ಜಾಗವನ್ನಷ್ಟೇ ಮರಗಟ್ಟಿಸುವುದು. ಹಲ್ಲು ಕೀಳುವಾಗ ವಸಡಿಗೆ ಚುಚ್ಚುತ್ತಾರಲ್ಲ, ಅದೇ. ಸಣ್ಣ ಗಂಟು ತೆಗೆಯಲು, ಗಾಯಕ್ಕೆ ಹೊಲಿಗೆ ಹಾಕಲು ಇದೇ ಸಾಕು. ಕಣ್ಣಿನ ಪೊರೆಯ ಎಷ್ಟೋ ಆಪರೇಷನ್ ಬರೀ ಕಣ್ಣಿಗೆ ಹಾಕುವ ಹನಿಯಲ್ಲೇ ಮುಗಿಯುತ್ತದೆ. ನೋವು ಗೊತ್ತಾಗುವುದಿಲ್ಲ, ಮುಟ್ಟಿದ್ದು, ಎಳೆದದ್ದು ಗೊತ್ತಾಗಬಹುದು. ಇದನ್ನು ಮೊದಲೇ ಹೇಳದಿದ್ದರೆ ರೋಗಿ ‘ಅಯ್ಯೋ, ಮದ್ದು ಹಿಡಿದಿಲ್ಲ’ ಅಂತ ಗಾಬರಿಯಾಗುತ್ತಾರೆ.

ಎರಡನೆಯದು ದೇಹದ ಒಂದು ಭಾಗಕ್ಕೆ ಕೊಡುವುದು, ರೀಜನಲ್. ಇದರಲ್ಲಿ ಹೆಸರುವಾಸಿ ಅಂದರೆ ಸ್ಪೈನಲ್. ಸೊಂಟದ ಹತ್ತಿರ, ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ, ಕೂದಲಿನಂಥ ತೆಳು ಸೂಜಿಯಲ್ಲಿ ಔಷಧ ಕೊಡುತ್ತಾರೆ. ಕಾಲು ಬೆಚ್ಚಗಾಗಿ, ಭಾರವಾಗಿ, ಆಮೇಲೆ ನಮ್ಮದೇ ಅಲ್ಲವೇನೋ ಅನ್ನಿಸುತ್ತದೆ. ಸಿಸೇರಿಯನ್, ಹರ್ನಿಯಾ, ಮಂಡಿಚಿಪ್ಪು, ಸೊಂಟದ ಮೂಳೆ ಮುರಿತ, ಇವಕ್ಕೆಲ್ಲ ಇದು ರೂಢಿ. ಎಚ್ಚರವಾಗೇ ಇರಬಹುದು, ಬೇಡವಾದರೆ ನಿದ್ದೆಗೆ ಸ್ವಲ್ಪ ಔಷಧ ಕೇಳಬಹುದು. ಎಪಿಡ್ಯೂರಲ್ ಇದರ ಬಂಧು. ಬೆನ್ನಿನಲ್ಲಿ ಎಳೆಯಂಥ ಒಂದು ನಳಿಕೆ ಬಿಟ್ಟು ಬೇಕಾದಂತೆ ಔಷಧ ಬಿಡುತ್ತಾ ಹೋಗುವುದು. ಹೆರಿಗೆ ನೋವಿಗೂ, ದೊಡ್ಡ ಆಪರೇಷನ್ ಆದ ಮೇಲಿನ ನೋವಿಗೂ ಬಳಸುತ್ತಾರೆ. ಇನ್ನು ಕೈಯನ್ನೋ ಕಾಲನ್ನೋ ಮಾತ್ರ ಮರಗಟ್ಟಿಸುವ ನರದ ಬ್ಲಾಕ್ ಕೂಡ ಈ ಗುಂಪಿನದೇ.

‘ಸ್ಪೈನಲ್ ತಗೊಂಡರೆ ಜೀವಮಾನವಿಡೀ ಬೆನ್ನುನೋವು’ ಅನ್ನುವ ಮಾತು ನಮ್ಮ ಹೆಂಗಸರಲ್ಲಿ ಬಲವಾಗಿ ಬೇರುಬಿಟ್ಟಿದೆ. ಸೂಜಿ ಚುಚ್ಚಿದ ಜಾಗದಲ್ಲಿ ಒಂದೆರಡು ದಿನ ನೋವಿರುವುದು ನಿಜ. ವರ್ಷಗಟ್ಟಲೆ ಇರುವ ಬೆನ್ನುನೋವಿಗೆ ಬಸುರು, ಬಾಣಂತನ, ಮಗು ಎತ್ತಿ ಎತ್ತಿ ದಣಿದ ಸೊಂಟವೇ ಸಾಮಾನ್ಯವಾಗಿ ಕಾರಣ, ಸೂಜಿಯಲ್ಲ ಅನ್ನುತ್ತಾರೆ ವೈದ್ಯರು. ಕೆಲವರಿಗೆ ಸ್ಪೈನಲ್ ಆದ ಒಂದೆರಡು ದಿನದಲ್ಲಿ ಎದ್ದು ಕೂತರೆ ತಲೆ ಸಿಡಿಯುವುದು, ಮಲಗಿದರೆ ಕಡಿಮೆಯಾಗುವುದು ಉಂಟು. ಅದಕ್ಕೆ ಚಿಕಿತ್ಸೆ ಇದೆ. ಸಹಿಸಿಕೊಂಡು ಮನೆಯಲ್ಲಿ ಮಲಗಬೇಡಿ, ಆಸ್ಪತ್ರೆಗೆ ಫೋನ್ ಮಾಡಿ.

ಮೂರನೆಯದು ಮಂಪರು, ಅಂದರೆ ಸೆಡೇಷನ್. ಎಂಡೋಸ್ಕೋಪಿ, ಕೊಲೊನೋಸ್ಕೋಪಿಗೆ ನಿದ್ದೆಯಂಥ ಸ್ಥಿತಿ ತರುತ್ತಾರೆ. ಸಾಮಾನ್ಯವಾಗಿ ಉಸಿರಾಟ ನಮ್ಮದೇ. ‘ಬರೀ ಮಂಪರು ತಾನೇ’ ಅಂತ ಹಗುರವಾಗಿ ನೋಡಬಾರದು. ಮಂಪರು ಹೆಚ್ಚಾದರೆ ಉಸಿರು ಕುಗ್ಗಬಹುದು. ಅಲ್ಲೂ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು.

ನಾಲ್ಕನೆಯದು ಜನರಲ್, ಪೂರ್ತಿ ಪ್ರಜ್ಞೆ ತಪ್ಪಿಸುವುದು. ರಕ್ತನಾಳಕ್ಕೆ ಹಾಲಿನಂತೆ ಬೆಳ್ಳಗಿರುವ ಪ್ರೊಪೋಫಾಲ್ ಹೋಗುತ್ತದೆ, ಅರ್ಧ ನಿಮಿಷವೋ ಒಂದು ನಿಮಿಷವೋ, ಅಷ್ಟೇ. ಆಮೇಲೆ ನೋವಿಗೆ ಒಂದು ಔಷಧ, ಸ್ನಾಯು ಸಡಿಲವಾಗಲು ಇನ್ನೊಂದು, ಎಚ್ಚರವಾಗದಂತೆ ಮೂಸಿಸುವ ಅನಿಲ. ಸ್ನಾಯು ಸಡಿಲವಾದರೆ ಉಸಿರಾಟವೂ ನಿಲ್ಲುತ್ತದೆ. ಹಾಗಾಗಿ ಗಂಟಲಿಗೆ ನಳಿಕೆ ಇಳಿಸಿ ಯಂತ್ರದಿಂದ ಉಸಿರಾಡಿಸುತ್ತಾರೆ. ಎದ್ದ ಮೇಲೆ ಗಂಟಲು ಕೆರೆಯುವುದು ಇದರಿಂದಲೇ. ಇದು ನಿದ್ದೆಯಲ್ಲ. ನಿದ್ದೆಯಲ್ಲಿ ಯಾರಾದರೂ ಮೂಗು ಮುಚ್ಚಿದರೆ ಎದ್ದು ಕೂರುತ್ತೇವೆ. ಇಲ್ಲಿ ಆ ಶಕ್ತಿಯನ್ನೂ ಇನ್ನೊಬ್ಬರ ಕೈಗೆ ಒಪ್ಪಿಸಿರುತ್ತೇವೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಪೂರ್ತಿ ಪವರ್ ಆಫ್ ಅಟಾರ್ನಿ!

ಯಾವುದು ಒಳ್ಳೆಯದು ಅಂದರೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಆಪರೇಷನ್ ಯಾವುದು, ಎಷ್ಟು ಹೊತ್ತಿನದು, ರೋಗಿಯ ಹೃದಯ, ಶ್ವಾಸಕೋಶ ಹೇಗಿದೆ ಎಂಬುದರ ಮೇಲೆ ಹೋಗುತ್ತದೆ. ಅದನ್ನು ನಿರ್ಧರಿಸಲೆಂದೇ ಪಿಎಸಿ ಎಂಬ ತಪಾಸಣೆ ಇರುವುದು. ನಮ್ಮವರು ಇದನ್ನು ಇಸಿಜಿ, ರಕ್ತಪರೀಕ್ಷೆಯ ಹಾಗೆ ಇನ್ನೊಂದು ಕೌಂಟರ್ ಅಂದುಕೊಳ್ಳುತ್ತಾರೆ. ಅಲ್ಲ. ನೀವು ಬಾಯಿ ಬಿಡಬೇಕಾದ ಜಾಗ ಅದು, ಎರಡೂ ಅರ್ಥದಲ್ಲಿ.

ಬಾಯಿ ಅಗಲವಾಗಿ ತೆರೆಯಿರಿ ಅನ್ನುತ್ತಾರೆ. ನಳಿಕೆ ಸಲೀಸಾಗಿ ಹೋಗುತ್ತದೋ ಇಲ್ಲವೋ ಅಂತ ನೋಡಲು. ವರ್ಷಗಟ್ಟಲೆ ಗುಟ್ಕಾ, ಅಡಿಕೆ ಜಗಿದವರಿಗೆ ಬಾಯಿಯ ಒಳಪದರ ಬಿಗಿದು ಎರಡು ಬೆರಳು ಕೂಡ ಒಳಗೆ ಹೋಗದಂತಾಗಿರುತ್ತದೆ. ಮೊದಲೇ ಗೊತ್ತಾದರೆ ಕ್ಯಾಮೆರಾ ಇರುವ ನಳಿಕೆ ಬಳಸಿ ದಾರಿ ಮಾಡಿಕೊಳ್ಳುತ್ತಾರೆ. ಪ್ರಜ್ಞೆ ತಪ್ಪಿಸಿ, ಉಸಿರು ನಿಂತ ಮೇಲೆ ಗೊತ್ತಾದರೆ? ನೀವೇ ಯೋಚಿಸಿ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೂ ಹೇಳಬೇಕು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವ ಅಭ್ಯಾಸವಿದ್ದರೆ ಅದನ್ನೂ. (ಇದನ್ನು ಹೆಂಡತಿಯೇ ಹೇಳಬೇಕು, ನಮಗೆ ಗೊತ್ತಿರುವುದಿಲ್ಲ!)

ಔಷಧಗಳ ಪಟ್ಟಿ ಬರೆದುಕೊಂಡು ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಸ್ಪೈನಲ್ ಕೊಟ್ಟ ಜಾಗದಲ್ಲಿ ರಕ್ತ ಕಟ್ಟಿ ನರ ಒತ್ತುವ ಅಪಾಯವಿರುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ದಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳನ್ನು ಸಾಮಾನ್ಯವಾಗಿ ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಇಲ್ಲದಿದ್ದರೆ ಸಕ್ಕರೆ ಅಷ್ಟೇನೂ ಏರದೆಯೂ ರಕ್ತ ಹುಳಿಯಾಗಬಹುದು. ತೂಕ ಇಳಿಸಲು ವಾರಕ್ಕೊಮ್ಮೆ ತಗೊಳ್ಳುವ ಹೊಸ ಇಂಜೆಕ್ಷನ್‌ಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಅದನ್ನೂ ಮುಚ್ಚಿಡಬಾರದು. ಹಾಗಂತ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಬಿಪಿ ಮಾತ್ರೆಯನ್ನಂತೂ ಕೇಳದೆ ಬಿಡಲೇಬೇಡಿ. ನಾಟಿ ಔಷಧ, ಕಷಾಯ, ಭಸ್ಮ ಏನಿದ್ದರೂ ಹೇಳಿ.

ಮನೆತನದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿತ್ತಾ ಅಂತಲೂ ಕೇಳುತ್ತಾರೆ. ಸ್ನಾಯು ಸಡಿಲಿಸುವ ಸಕ್ಸಿನೈಲ್ ಕೋಲಿನ್ ಎಂಬ ಔಷಧ ಸಾಮಾನ್ಯರಲ್ಲಿ ಕೆಲವೇ ನಿಮಿಷಕ್ಕೆ ಇಳಿದುಹೋಗುತ್ತದೆ. ಅದನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಗಂಟೆಗಟ್ಟಲೆ ಉಸಿರು ವಾಪಸ್ ಬರುವುದಿಲ್ಲ, ಅಷ್ಟು ಹೊತ್ತೂ ಯಂತ್ರದಲ್ಲಿ ಇಡಬೇಕು. ನಮ್ಮ ದೇಶದಲ್ಲಿ ಆರ್ಯವೈಶ್ಯ ಸಮುದಾಯದವರಲ್ಲಿ ಇದು ಹೆಚ್ಚು ಎಂದು ಸಂಶೋಧಕರು ಗುರುತಿಸಿದ್ದಾರೆ. ‘ನಮ್ಮ ದೊಡ್ಡಪ್ಪ ಆಪರೇಷನ್ ಆದ ಮೇಲೆ ಎಷ್ಟೋ ಹೊತ್ತು ಏಳಲೇ ಇಲ್ಲ’ ಎಂಬ ಮನೆಯ ಹಳೇ ಕಥೆಯೂ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಉಪವಾಸದ ವಿಷಯಕ್ಕೆ ಬಂದರೆ, ಹೊಟ್ಟೆಯಲ್ಲಿ ಆಹಾರವಿದ್ದರೆ ಪ್ರಜ್ಞೆ ಇಲ್ಲದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಕಾರಣ ಅಷ್ಟೇ. ಎಣ್ಣೆಪದಾರ್ಥ, ಭಾರಿ ಊಟಕ್ಕೆ ಎಂಟು ಗಂಟೆ, ಹಗುರ ತಿಂಡಿ ಮತ್ತು ಹಾಲಿಗೆ ಆರು, ಬರೀ ನೀರಿಗೆ ಎರಡು ಗಂಟೆ ಎಂಬುದು ಈಗ ಸಾಮಾನ್ಯ ನಿಯಮ. ಹಾಲು ಹಾಕಿದ ಚಹಾ ಹಾಲಿನ ಲೆಕ್ಕಕ್ಕೇ ಬರುತ್ತದೆ. ‘ಪಾಪ, ಹಸಿದಿದಾರೆ’ ಅಂತ ಗುಟ್ಟಾಗಿ ಎರಡು ಬಿಸ್ಕತ್ ಕೊಡುವುದು ಪ್ರೀತಿಯಲ್ಲ. ಹಾಗೆಯೇ ಮಧ್ಯಾಹ್ನ ಎರಡಕ್ಕೆ ಇರುವ ಆಪರೇಷನ್ನಿಗೆ ಎಂಬತ್ತು ವರ್ಷದವರನ್ನು ರಾತ್ರಿ ಹನ್ನೆರಡರಿಂದ ಒಂದು ಗುಟುಕು ನೀರಿಲ್ಲದೆ ಕೂರಿಸುವುದೂ ಸರಿಯಲ್ಲ. ನೀರು ಎಷ್ಟು ಹೊತ್ತಿನವರೆಗೆ ಕೊಡಬಹುದು ಅಂತ ಬಾಯಿಬಿಟ್ಟು ಕೇಳಿ.

ಇನ್ನು ನಮ್ಮಂಥ ಹೊರನಾಡಿನವರ ನಿಜವಾದ ಕಷ್ಟ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲೋ ಮತ್ಸ್ಯಗಂಧದಲ್ಲೋ ಬಂದಿಳಿದ ಅಪ್ಪನಿಗೆ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲ. ಡಾಕ್ಟರು ಹಿಂದಿಯಲ್ಲೋ ಮರಾಠಿಯಲ್ಲೋ ಕೇಳುತ್ತಾರೆ. ಅಪ್ಪ ನಮ್ಮ ಮುಖ ನೋಡುತ್ತಾರೆ, ನಾವು ಅಪ್ಪನನ್ನು ಕೇಳದೆ ನಾವೇ ಉತ್ತರ ಕೊಟ್ಟುಬಿಡುತ್ತೇವೆ. ‘ಕುಡೀತಾರಾ?’ ‘ಇಲ್ಲ ಸರ್.’ ಊರಿನಲ್ಲಿ ಅಪ್ಪ ಸಂಜೆ ಹೊತ್ತು ಏನು ಮಾಡುತ್ತಾರೆಂದು ಇಪ್ಪತ್ತೈದು ವರ್ಷದಿಂದ ಮುಂಬೈಯಲ್ಲಿರುವ ಮಗನಿಗೆ ಏನು ಗೊತ್ತು? ಅಪ್ಪನೂ ಸೊಸೆಯ ಎದುರಿಗೆ ಹೇಳುವುದಿಲ್ಲ. ಅಮ್ಮನಿಗಂತೂ ಏನು ಆಪರೇಷನ್ ಎಂಬುದೇ ಗೊತ್ತಿರುವುದಿಲ್ಲ. ‘ಸಣ್ಣದೊಂದು ಗಂಟು ತೆಗೀತಾರಮ್ಮ’ ಅಂತ ಹೇಳಿ ಥಿಯೇಟರಿಗೆ ಕಳಿಸಿದ ಮಕ್ಕಳನ್ನು ನಾನು ಬಲ್ಲೆ.

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಮಕ್ಕಳು ಅನುವಾದ ಮಾಡಲಿ, ಉತ್ತರ ರೋಗಿಯದ್ದೇ ಇರಲಿ. ಎರಡು ನಿಮಿಷ ಮನೆಯವರು ಹೊರಗೆ ನಿಂತು, ಕನ್ನಡ ಬಲ್ಲ ನರ್ಸನ್ನೋ ವಾರ್ಡ್‌ಬಾಯನ್ನೋ ಒಳಗೆ ಬಿಟ್ಟರೆ ಇನ್ನೂ ಒಳ್ಳೆಯದು. ಮುಂಬೈಯ ಆಸ್ಪತ್ರೆಗಳಲ್ಲಿ ಕನ್ನಡದವರಿಗೇನು ಬರವೇ, ಹುಡುಕಿದರೆ ಸಿಕ್ಕೇ ಸಿಗುತ್ತಾರೆ.

ನಮ್ಮ ಬಿಲ್ಡಿಂಗಿನ ಒಬ್ಬರ ತಾಯಿ, ವಿಜಯಪುರದ ಕಡೆಯವರು, ಎಂಬತ್ತರ ಹತ್ತಿರ. ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗೇ ಆಯಿತು. ರಾತ್ರಿ ಐಸಿಯುವಿನಲ್ಲಿ ಅಜ್ಜಿ ಕೂಗಾಡಲು ಶುರುಮಾಡಿದರು, ಡ್ರಿಪ್ ಕಿತ್ತರು. ಸಿಸ್ಟರ್ ಪಾಪ ಕೇರಳದ ಹುಡುಗಿ. ‘ಯವ್ವಾ, ನೀರಡಿಕಿ ಆಗೈತಿ’ ಅಂದರೆ ಆಕೆಗೇನು ತಿಳಿಯಬೇಕು? ಕನ್ನಡಕ, ಕಿವಿಯ ಮಶೀನು ಎರಡೂ ಮಗನ ಚೀಲದಲ್ಲಿ ಭದ್ರವಾಗಿದ್ದವು. ವಯಸ್ಸಾದವರಿಗೆ ಇಂಥ ದೊಡ್ಡ ಆಪರೇಷನ್ ಆದ ಮೇಲೆ ಕೆಲವು ದಿನ ಗೊಂದಲ, ಬಡಬಡಿಕೆ ಬರುವುದು ಅಪರೂಪವಲ್ಲ. ಅದಕ್ಕೆ ಡೆಲಿರಿಯಮ್ ಅನ್ನುತ್ತಾರೆ. ಪರಿಚಿತ ಮುಖ, ಪರಿಚಿತ ಭಾಷೆ, ಕನ್ನಡಕ, ಕಿವಿಯ ಮಶೀನು, ರಾತ್ರಿ ಒಳ್ಳೆಯ ನಿದ್ದೆ, ಇವೆಲ್ಲ ಚಿಕಿತ್ಸೆಯ ಭಾಗವೇ. ಮಾರನೇ ದಿನ ಡಾಕ್ಟರೇ ಹೇಳಿ ಮಗಳನ್ನು ಪಕ್ಕದಲ್ಲಿ ಕೂರಿಸಿದರು. ಎರಡು ದಿನದಲ್ಲಿ ಅಜ್ಜಿ ಮೊದಲಿನಂತಾದರು. ಹಿಂದಿನ ದಿನವೇ ಯಾರಾದರೂ ಕೇಳಿದ್ದರೆ ಆ ಒಂದು ರಾತ್ರಿ ತಪ್ಪುತ್ತಿತ್ತು. ನೀರು, ನೋವು, ಚಳಿ, ಉಸಿರು, ಮೂತ್ರ, ವಾಂತಿ... ಇಂಥ ಹತ್ತು ಕನ್ನಡ ಪದ, ಪಕ್ಕದಲ್ಲಿ ಅಲ್ಲಿನ ಭಾಷೆಯ ಅರ್ಥ, ಒಂದು ಚೀಟಿಯಲ್ಲಿ ಬರೆದು ಸಿಸ್ಟರ್ ಕೈಗೆ ಕೊಡಲು ಎಷ್ಟು ಹೊತ್ತು ಬೇಕು ಹೇಳಿ?

ಸಹಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ನನ್ನ ಕಸುಬು ಅದೇ ಅಲ್ಲವೇ! 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಒಬ್ಬ ಮಹಿಳೆ ಲ್ಯಾಪ್ರೊಸ್ಕೋಪಿ ತಪಾಸಣೆಗೆ ಒಪ್ಪಿ ಜನರಲ್ ಅರಿವಳಿಕೆಯಲ್ಲಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. ಸಮೀರಾ ಕೊಹ್ಲಿ ಪ್ರಕರಣ ಎಂದೇ ಹೆಸರಾದ ಇದರಲ್ಲಿ 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಜೀವಕ್ಕೆ ತುರ್ತು ಅಪಾಯ ಇಲ್ಲದಿದ್ದಾಗ ವಯಸ್ಕ ರೋಗಿಯ ಬದಲು ತಾಯಿಯ ಒಪ್ಪಿಗೆ ನಡೆಯುವುದಿಲ್ಲ. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಚಿಕಿತ್ಸೆ ಏನು, ಬೇರೆ ದಾರಿ ಇದೆಯೇ, ಅಪಾಯವೇನು ಎಂಬುದನ್ನು ಸಾಕಷ್ಟು ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದಿತು. ಪ್ರಜ್ಞೆ ತಪ್ಪಿದವರಿಗೆ ದನಿ ಇರುವುದಿಲ್ಲ. ಆ ಹೊತ್ತಿನಲ್ಲಿ ನಮ್ಮ ಪರವಾಗಿ ಮಾತಾಡುವುದು ಎಚ್ಚರವಿದ್ದಾಗ ನಾವು ಕೇಳಿ, ಓದಿ ಹಾಕಿದ ಸಹಿ ಮಾತ್ರ.

‘ಎಲ್ಲ ಹೇಳಿದರೆ ಹೆದರಿಕೊಳ್ಳುತ್ತಾರೆ, ಬಿಪಿ ಏರುತ್ತೆ’ ಅನ್ನುವವರಿದ್ದಾರೆ. ನಾನು ಕಂಡಂತೆ ಜನ ಹೆದರುವುದು ತಿಳಿಯದ್ದಕ್ಕೆ. ಸ್ಪೈನಲ್ ಆದ ಮೇಲೆ ಮೂರು ನಾಲ್ಕು ಗಂಟೆ ಕಾಲು ಅಲ್ಲಾಡುವುದಿಲ್ಲ ಅಂತ ಮೊದಲೇ ಹೇಳಿದರೆ ಸುಮ್ಮನೆ ಮಲಗಿರುತ್ತಾರೆ. ಹೇಳದಿದ್ದರೆ ಪಾರ್ಶ್ವವಾಯು ಹೊಡೆಯಿತೆಂದು ಅಳುತ್ತಾರೆ. ಇನ್ನು, ‘ನಗರಪಾಲಿಕೆ ಆಸ್ಪತ್ರೆಯಲ್ಲಿ ಹತ್ತು ನಿಮಿಷ ಎಲ್ಲಿಂದ ತರೋದು?’ ಎಂಬ ಪ್ರಶ್ನೆ. ನ್ಯಾಯವಾದದ್ದೇ. ಒಬ್ಬ ಡಾಕ್ಟರಿಗೆ ಎಷ್ಟು ಕೇಸು ಅಂತ ನಾವೂ ನೋಡಿದ್ದೇವೆ. ಹಾಗಿರುವಾಗ ಪಟ್ಟಿ ಸಿದ್ಧಮಾಡಿಕೊಂಡು ಹೋಗುವುದು ನಮ್ಮ ಪಾಲಿನ ಕೆಲಸ. ಸರಿಯಾಗಿ ಬರೆದ ಚಲನ್ ತಂದ ಗಿರಾಕಿಯನ್ನು ನಾನೂ ಬೇಗ ಕಳಿಸಿಕೊಡುತ್ತೇನೆ. ಅಪಘಾತ, ತುರ್ತು ಸಿಸೇರಿಯನ್ ಇದ್ದಾಗ ಇದ್ಯಾವುದಕ್ಕೂ ಸಮಯವಿಲ್ಲ, ಡಾಕ್ಟರನ್ನು ನಂಬಿ ಮುಂದುವರಿಯಬೇಕು, ಸರಿ. ಆದರೆ ಎರಡು ವಾರ ಮೊದಲೇ ತಾರೀಕು ಕೊಟ್ಟ ಮಂಡಿಚಿಪ್ಪಿನ ಆಪರೇಷನ್ನಿಗೆ ಯಾವ ಅವಸರ?

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟಿನಲ್ಲೂ ಅರಿವಳಿಕೆ ಕೊಡುವ ಮುಂಚೆಯೇ ರೋಗಿಯ ಹೆಸರು, ಆಪರೇಷನ್ ಯಾವುದು, ಯಾವ ಜಾಗದಲ್ಲಿ, ಅಲರ್ಜಿ ಇದೆಯೇ, ನಳಿಕೆ ಹಾಕಲು ಕಷ್ಟವೇ ಎಂದೆಲ್ಲ ಖಾತ್ರಿ ಮಾಡಿಕೊಳ್ಳಬೇಕೆಂದಿದೆ. ಥಿಯೇಟರಿನಲ್ಲಿ ಪದೇ ಪದೇ ಹೆಸರು ಕೇಳಿದರೆ ‘ಇವರಿಗೇ ಗೊತ್ತಿಲ್ವಾ?’ ಅಂತ ಸಿಡುಕಬೇಡಿ. ಕ್ಯಾಶ್ ಎರಡು ಸಲ ಎಣಿಸುವುದಿಲ್ಲವೇ, ಹಾಗೆ.

ಕೊನೆಗೊಂದು ಬ್ಯಾಂಕಿನವನ ಮಾತು. ಜನರಲ್ ಅಥವಾ ಮಂಪರು ಕೊಟ್ಟ ಮೇಲೆ 24 ಗಂಟೆ ಗಾಡಿ ಓಡಿಸಬಾರದು, ಮುಖ್ಯವಾದ ಕಾಗದಕ್ಕೆ ಸಹಿ ಹಾಕಬಾರದು ಅಂತ ವೈದ್ಯರೇ ಹೇಳುತ್ತಾರೆ. ಮಾತಾಡುತ್ತಿದ್ದರೂ ತೀರ್ಮಾನ ಮಾಡುವ ಬುದ್ಧಿ ಪೂರ್ತಿ ಮರಳಿರುವುದಿಲ್ಲ. ಆಪರೇಷನ್ ಆದ ಸಂಜೆಯೇ ಹಾಸಿಗೆಯ ಪಕ್ಕ ಹೆಬ್ಬೆಟ್ಟಿನ ಪ್ಯಾಡ್, ಚೆಕ್ಕು, ಆಸ್ತಿಪತ್ರ ಹಿಡಿದು ನಿಲ್ಲುವ ಸಂಬಂಧಿಕರು ಯಾರ ಮನೆಯಲ್ಲೂ ಇರಬಹುದು. ಅವರನ್ನು ನಾಳಿದ್ದು ಬನ್ನಿ ಅನ್ನಿ.

ಮುಂದಿನ ಸಲ ನಿಮ್ಮವರು ಯಾರಾದರೂ ಆಪರೇಷನ್ನಿಗೆ ಹೊರಟರೆ ಐದು ಪ್ರಶ್ನೆ ಬರೆದು ಕೊಡಿ. ಅರಿವಳಿಕೆ ವೈದ್ಯರ ಹೆಸರೇನು? ಯಾವ ವಿಧ, ಯಾಕೆ? ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಬೇಡ? ನೀರು ಎಷ್ಟು ಹೊತ್ತಿನವರೆಗೆ? ಎದ್ದಾಗ ಪಕ್ಕದಲ್ಲಿ ನಮ್ಮ ಭಾಷೆಯವರು ಯಾರಿರುತ್ತಾರೆ? ಇಷ್ಟಕ್ಕೂ ಉತ್ತರ ಸಿಕ್ಕಿತೆಂದರೆ ಪೆನ್ನು ತೆಗೆಯಿರಿ. ನಿಮ್ಮ ಊರಿನ ಆಸ್ಪತ್ರೆಗಳಲ್ಲಿ ಹೇಗಿದೆ, ಕೇಳಿದರೆ ಹೇಳುತ್ತಾರಾ? ನೀವೂ ಬರೆದು ತಿಳಿಸಿ, ಇನ್ನೊಬ್ಬರಿಗೆ ಅನುಕೂಲವಾದೀತು.